ತಲೆಬರಹದಲ್ಲಿ ಬಿಟ್ಟುಹೋದ ಮಾತುಗಳು



ಎರಡು ತಲೆಬರಹಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಒಂದು ಕನ್ನಡದ್ದು: ‘ಸರ್ಜಾಪುರಕ್ಕೆ ಮೆಟ್ರೊ’. ಇನ್ನೊಂದು ಇಂಗ್ಲಿಷಿನದು: ‘ಮೆಟ್ರೊ ಟು ರೀಚ್ ಸರ್ಜಾಪುರ’. ಇವು ಯಾವ ಪತ್ರಿಕೆಯಿಂದಲೂ ಎತ್ತಿಕೊಂಡವಲ್ಲ, ಮಾದರಿಗೆಂದು ನಾನೇ ಬರೆದವು. ಆದರೆ ಇಂಥವನ್ನು ನೀವು ನೂರಾರು ಸಲ ಓದಿರುತ್ತೀರಿ. ಮೊದಲನೆಯದರಲ್ಲಿ ಇರುವುದು ಎರಡೇ ಪದ, ಕ್ರಿಯಾಪದವೇ ಇಲ್ಲ. ಎರಡನೆಯದರಲ್ಲಿ ನಾಲ್ಕು ಪದಗಳಿವೆ. ವ್ಯಾಕರಣದ ಪುಸ್ತಕ ಹೇಳುವಂತೆ ಅಲ್ಲಿ ‘ದಿ’ ಎಂಬ ಆರ್ಟಿಕಲ್ ಇರಬೇಕಿತ್ತು, ‘ಈಸ್’ ಎಂಬ ಸಹಾಯಕ ಕ್ರಿಯಾಪದವೂ ಇರಬೇಕಿತ್ತು. ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಹೀಗೆ ಬರೆದರೆ ಅಂಕ ಹೋಗುತ್ತದೆ. ದಿನಪತ್ರಿಕೆಯಲ್ಲಿ ಬರೆದರೆ ಸುದ್ದಿ ಸಂಪಾದಕರು ಮೆಚ್ಚುತ್ತಾರೆ. ಇದು ಹೇಗೆ?

ಇನ್ನೂ ಒಂದು ವ್ಯತ್ಯಾಸವನ್ನು ಗಮನಿಸಿ. ಇಂಗ್ಲಿಷ್ ತಲೆಬರಹ ಎಷ್ಟೇ ಮೊಟಕಾಗಿದ್ದರೂ ಮೆಟ್ರೊ ಇನ್ನು ಮುಂದೆ ಬರಲಿದೆ ಎಂಬುದನ್ನು ತಿಳಿಸುತ್ತದೆ. ‘ಟು’ ಎಂಬ ಒಂದು ಸಣ್ಣ ಪದ ಆ ಕೆಲಸ ಮಾಡುತ್ತದೆ. ಕನ್ನಡದ ತಲೆಬರಹದಲ್ಲಿ ಮೆಟ್ರೊ ಬಂದಿದೆಯೆ, ಬರಲಿದೆಯೆ, ಬರಲಿ ಎಂದು ಯಾರಾದರೂ ಕೇಳಿದ್ದಾರೆಯೆ ಎಂಬುದು ತಿಳಿಯುವುದಿಲ್ಲ. ಹಾಗೆಂದು ಕನ್ನಡದ ಪತ್ರಕರ್ತರು ಅಜಾಗರೂಕರು ಎಂದು ತೀರ್ಮಾನಿಸಬೇಡಿ. ಎರಡು ಭಾಷೆಗಳ ಕಟ್ಟಡವೇ ಬೇರೆ. ಆದ್ದರಿಂದ ಅವು ಬಿಡುವ ಮಾತುಗಳೂ ಬೇರೆ, ಮಾತು ಬಿಟ್ಟಾಗ ಕಳೆದುಹೋಗುವ ಅರ್ಥವೂ ಬೇರೆ. ಆನೇಕಲ್ ತಾಲ್ಲೂಕಿನ ಸರ್ಜಾಪುರದಂಥ ಊರಿನಲ್ಲಿ ಈ ಕಳೆದುಹೋದ ಅರ್ಥಕ್ಕೆ ಬೆಲೆಯಿದೆ. ಅದನ್ನು ಎಕರೆಯ ಲೆಕ್ಕದಲ್ಲಿ, ಅಡಿಯ ಲೆಕ್ಕದಲ್ಲಿ ಹೇಳಬಹುದು. ಅಲ್ಲಿಗೆ ಕೊನೆಯಲ್ಲಿ ಬರೋಣ. ಮೊದಲು ಈ ಮೊಟಕು ಭಾಷೆ ಹುಟ್ಟಿದ ಇತಿಹಾಸವನ್ನು ನೋಡೋಣ.

ತಲೆಬರಹವಿಲ್ಲದ ಕಾಲ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದನ್ನು 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರತಂದರು. ಆ ನೆನಪಿಗಾಗಿಯೇ ಇಂದು ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುತ್ತಾರೆ. ಅದು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಪತ್ರಿಕೆ, ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಅಂದರೆ ಕೈಬರಹವನ್ನು ಕಲ್ಲಿನ ಮೇಲೆ ಮೂಡಿಸಿ, ಅದರಿಂದ ಕಾಗದಕ್ಕೆ ಇಳಿಸುತ್ತಿದ್ದರು. ಅದರಲ್ಲಿ ನಾವು ಇಂದು ಕಾಣುವಂಥ ತಲೆಬರಹಗಳಿರಲಿಲ್ಲ. ‘ಊರ ವರ್ತಮಾನ’ ಎಂಬಂಥ ವಿಭಾಗಗಳ ಹೆಸರು ಮೇಲೆ, ಅದರ ಕೆಳಗೆ ಸುದ್ದಿಗಳು. ಊರ ವರ್ತಮಾನ ಎಂದರೆ ‘ಇಲ್ಲಿ ಊರಿನ ಸುದ್ದಿ ಸಿಗುತ್ತದೆ’ ಎಂದಷ್ಟೇ ಅರ್ಥ. ಏನು ನಡೆಯಿತು ಎಂದು ತಿಳಿಯಬೇಕಾದರೆ ಪೂರ್ತಿ ಓದಲೇಬೇಕು. ಡಬ್ಬಿಯ ಮೇಲೆ ‘ಬೆಲ್ಲ’, ‘ಹುಣಸೆಹಣ್ಣು’ ಎಂದು ಚೀಟಿ ಅಂಟಿಸಿದ ಹಾಗೆ.

ಆ ಕಾಲದ ಇಂಗ್ಲಿಷ್ ಪತ್ರಿಕೆಗಳ ಸ್ಥಿತಿಯೂ ಹೆಚ್ಚು ಬೇರೆಯಾಗಿರಲಿಲ್ಲ. ಲಂಡನ್ನಿನ ‘ದಿ ಟೈಮ್ಸ್’ ತನ್ನ ಮುಖಪುಟದಲ್ಲಿ ಸುದ್ದಿಗೆ ಜಾಗ ಕೊಟ್ಟದ್ದು 1966ರ ಮೇ 3ರಂದು. ಅಲ್ಲಿಯವರೆಗೆ ಮೊದಲ ಪುಟದ ತುಂಬ ಸಣ್ಣ ಜಾಹೀರಾತುಗಳೇ. 1878ರಲ್ಲಿ ಮದರಾಸಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲೂ ಓದುಗರನ್ನು ಸಂಪಾದಿಸಿದ ‘ದಿ ಹಿಂದು’ ಕೂಡ 1958ರವರೆಗೆ ಮುಖಪುಟದಲ್ಲಿ ಜಾಹೀರಾತುಗಳನ್ನೇ ಹಾಕುತ್ತಿತ್ತು. ಸುದ್ದಿಯನ್ನು ದೂರದಿಂದಲೇ ಓದಿಸಬೇಕು, ಬೀದಿಯಲ್ಲಿ ಹೋಗುವವನನ್ನು ನಿಲ್ಲಿಸಬೇಕು ಎಂಬ ಯೋಚನೆ ಆ ಪತ್ರಿಕೆಗಳಿಗೆ ಇರಲಿಲ್ಲ. ಅವುಗಳ ಓದುಗರು ಮನೆಯಲ್ಲಿ ಬಿಡುವಾಗಿ ಕುಳಿತು ಓದುವವರು.

ತಂತಿಯ ಲೆಕ್ಕ, ಅಂಕಣದ ಲೆಕ್ಕ

ಭಾಷೆಯನ್ನು ಮೊಟಕು ಮಾಡಿದ ಕಾರಣಗಳು ಮುಖ್ಯವಾಗಿ ಎರಡು. ಒಂದು ಹಣ, ಇನ್ನೊಂದು ಜಾಗ.

ಹಣದ ಕಾರಣ ತಂತಿಯಿಂದ ಬಂತು. ಭಾರತದಲ್ಲಿ ತಂತಿ ಜಾಲ ಹರಡಿದ್ದು 1850ರ ದಶಕದಲ್ಲಿ. 1870ರಲ್ಲಿ ಸಮುದ್ರದಡಿಯ ತಂತಿ ಮುಂಬಯಿಯನ್ನು ಬ್ರಿಟನ್ನಿಗೆ ಜೋಡಿಸಿತು. ತಂತಿಗೆ ಕೊಡುವ ಹಣ ಪದದ ಲೆಕ್ಕದಲ್ಲಿ. ಹಾಗಾಗಿ ‘ಎ’, ‘ಆ್ಯನ್’, ‘ದಿ’, ‘ಈಸ್’ ಮುಂತಾದ ಪದಗಳಿಗೆ ಕಾಸು ಕೊಡಲು ಯಾರೂ ಒಪ್ಪುತ್ತಿರಲಿಲ್ಲ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ: ‘ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ’ ಎಂಬ ನಾಲ್ಕು ಪದಗಳ ತಂತಿ ಅವರಿಗೆ ಬಾಯಿಪಾಠವಾಗಿರುತ್ತದೆ. ಇಂಗ್ಲಿಷ್ ಬಾರದವರಿಗೂ ಅದು ಅರ್ಥವಾಗುತ್ತಿತ್ತು. ‘ನಿಮ್ಮ ತಾಯಿಯ ಆರೋಗ್ಯ ವಿಷಮಿಸಿದೆ, ಕೂಡಲೇ ಹೊರಡಿ’ ಎಂಬ ಪೂರ್ಣ ವಾಕ್ಯವನ್ನು ಓದುವವರು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತಿದ್ದರು. ಯಾರ ತಾಯಿ ಎಂದು ಬರೆದಿರಲಿಲ್ಲ. ವಿಳಾಸವೇ ಅದನ್ನು ಹೇಳುತ್ತಿತ್ತು. ಸಾರ್ವಜನಿಕರಿಗಿದ್ದ ಈ ತಂತಿ ಸೇವೆ ನಮ್ಮ ದೇಶದಲ್ಲಿ 2013ರ ಜುಲೈಯಲ್ಲಿ ನಿಂತುಹೋಯಿತು.

ಸುದ್ದಿ ಸಂಸ್ಥೆಗಳೂ ಇದೇ ತಂತಿಯನ್ನು ನಂಬಿದ್ದವು. ಪಾಲ್ ಜೂಲಿಯಸ್ ರಾಯಿಟರ್ ಲಂಡನ್ನಿನಲ್ಲಿ ತನ್ನ ಸಂಸ್ಥೆಯನ್ನು ಆರಂಭಿಸಿದ್ದು 1851ರಲ್ಲಿ. ಸ್ವತಂತ್ರ ಭಾರತದಲ್ಲಿ ಸುದ್ದಿ ಹಂಚುವ ಕೆಲಸವನ್ನು ರಾಯಿಟರ್‌ನಿಂದ ವಹಿಸಿಕೊಂಡ ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾ 1947ರಲ್ಲಿ ನೋಂದಣಿಯಾಗಿ 1949ರಲ್ಲಿ ಕೆಲಸ ಆರಂಭಿಸಿತು. ತಂತಿಯಲ್ಲಿ ಮೊಟಕಾಗಿ ಬಂದ ಸುದ್ದಿಯನ್ನು ಕಚೇರಿಯಲ್ಲಿ ಮತ್ತೆ ಪೂರ್ಣ ವಾಕ್ಯಗಳಾಗಿ ಬಿಡಿಸಿ ಬರೆಯುವುದು ಉಪಸಂಪಾದಕರ ದಿನನಿತ್ಯದ ಕೆಲಸವಾಗಿತ್ತು.

ಇನ್ನು ಜಾಗದ ಕಾರಣ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1861ರಿಂದ 1865ರವರೆಗೆ, ಪತ್ರಿಕೆಗಳು ಒಂದರ ಕೆಳಗೊಂದು ಹಲವು ಸಾಲುಗಳ ತಲೆಬರಹವನ್ನು ಒಂದೇ ಅಂಕಣದಲ್ಲಿ ಜೋಡಿಸುತ್ತಿದ್ದವು. 1890ರ ದಶಕದಲ್ಲಿ ನ್ಯೂಯಾರ್ಕಿನ ಪುಲಿಟ್ಜರ್ ಮತ್ತು ಹರ್ಸ್ಟ್ ಅವರ ಪತ್ರಿಕೆಗಳ ನಡುವೆ ತೀವ್ರ ಪೈಪೋಟಿ ಹುಟ್ಟಿತು. 1898ರ ಸ್ಪೇನ್-ಅಮೆರಿಕ ಯುದ್ಧದ ಹೊತ್ತಿಗೆ ತಲೆಬರಹ ಪುಟದ ಉದ್ದಗಲಕ್ಕೂ ಹರಡಿತು. ಅಕ್ಷರ ದೊಡ್ಡದಾದಷ್ಟೂ ಒಂದು ಸಾಲಿನಲ್ಲಿ ಹಿಡಿಸುವ ಅಕ್ಷರಗಳ ಸಂಖ್ಯೆ ಕಡಿಮೆಯಾಗುತ್ತದೆ. ಸೀಸದ ಅಚ್ಚುಮೊಳೆಯನ್ನು ಹಿಗ್ಗಿಸಲೂ ಆಗದು, ಕುಗ್ಗಿಸಲೂ ಆಗದು. ಆದ್ದರಿಂದ ಉಪಸಂಪಾದಕರು ಅಕ್ಷರಗಳನ್ನು ಎಣಿಸಿಯೇ ತಲೆಬರಹ ಬರೆಯಬೇಕಿತ್ತು. ಇಂಗ್ಲಿಷಿನಲ್ಲಿ ಸಾಮಾನ್ಯ ಅಕ್ಷರಕ್ಕೆ ಒಂದು ಅಳತೆ; ‘ಐ’, ‘ಎಲ್’ನಂಥ ಸಪೂರ ಸಣ್ಣಕ್ಷರಗಳಿಗೆ ಅರ್ಧ; ‘ಎಂ’, ‘ಡಬ್ಲ್ಯೂ’ಗಳಿಗೆ ಒಂದೂವರೆ. ಹೀಗೆ ಎಣಿಸಿ ಕೂಡಿಸಿದಾಗ ಸಾಲು ಮೀರಿದರೆ ಮೊದಲು ಹೋಗುತ್ತಿದ್ದದ್ದು ಆ ಸಣ್ಣ ಪದಗಳೇ.

ನೋಡಿ, ತಂತಿ ಕಚೇರಿಯಲ್ಲಿ ಪದದ ಲೆಕ್ಕ, ಮುದ್ರಣಾಲಯದಲ್ಲಿ ಅಕ್ಷರದ ಲೆಕ್ಕ. ಎರಡೂ ಕಡೆ ಪೆಟ್ಟು ಬಿದ್ದದ್ದು ಒಂದೇ ಗುಂಪಿನ ಪದಗಳ ಮೇಲೆ.

ಇಂಗ್ಲಿಷ್ ತಲೆಬರಹದ ವ್ಯಾಕರಣ

ಇದು ವ್ಯಾಕರಣವನ್ನು ಮುರಿದ ಭಾಷೆಯಲ್ಲ, ತನ್ನದೇ ವ್ಯಾಕರಣವುಳ್ಳ ಭಾಷೆ ಎಂದು ವಿದ್ವಾಂಸರು ಗುರುತಿಸಿದರು. ಹೈನ್ರಿಖ್ ಸ್ಟ್ರೌಮನ್ ಎಂಬ ಸ್ವಿಸ್ ವಿದ್ವಾಂಸರು 1935ರಲ್ಲಿ ಇಂಗ್ಲಿಷ್ ತಲೆಬರಹಗಳ ಮೇಲೆ ಒಂದು ಪುಸ್ತಕವನ್ನೇ ಬರೆದು, ಇಂಥ ಭಾಷೆಯನ್ನು ‘ಬ್ಲಾಕ್ ಲ್ಯಾಂಗ್ವೇಜ್’ ಎಂದು ಕರೆದರು. ಇಟ್ಟಿಗೆಗಳ ನಡುವೆ ಗಾರೆ ಹಾಕದೆ ಪೇರಿಸಿಟ್ಟ ಹಾಗೆ ಇರುವ ಭಾಷೆ ಎನ್ನೋಣ. ತಲೆಬರಹ ಮಾತ್ರವಲ್ಲ, ತಂತಿ, ಜಾಹೀರಾತು, ನಾಮಫಲಕ ಎಲ್ಲವೂ ಈ ಬಗೆಯವೇ. ‘ಮೆಜೆಸ್ಟಿಕ್ – ಸರ್ಜಾಪುರ’ ಎಂಬ ಬಸ್ಸಿನ ಬೋರ್ಡಿನಲ್ಲಿ ಕ್ರಿಯಾಪದವಿಲ್ಲ. ಆದರೂ ಆ ಬಸ್ಸು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ತಿಳಿಯುತ್ತದೆ.

ಇಂಗ್ಲಿಷ್ ತಲೆಬರಹದ ಮುಖ್ಯ ನಿಯಮಗಳನ್ನು ಹೀಗೆ ಹೇಳಬಹುದು.

ಒಂದು: ‘ಎ’, ‘ಆ್ಯನ್’, ‘ದಿ’ಗಳನ್ನು ಬಿಡುವುದು.

ಎರಡು: ‘ಈಸ್’, ‘ಆರ್’, ‘ವಾಸ್’, ‘ವರ್’ಗಳನ್ನು ಬಿಡುವುದು. ‘ಮಿನಿಸ್ಟರ್ ಇಲ್’ ಎಂದರೆ ‘ದಿ ಮಿನಿಸ್ಟರ್ ಈಸ್ ಇಲ್’.

ಮೂರು: ನಿನ್ನೆ ನಡೆದದ್ದನ್ನು ವರ್ತಮಾನ ಕಾಲದಲ್ಲಿ ಹೇಳುವುದು. ‘ಗವರ್ನರ್ ವಿಸಿಟ್ಸ್ ಆನೇಕಲ್’ ಎಂದರೆ ಭೇಟಿ ಆಗಲೇ ಮುಗಿದಿದೆ.

ನಾಲ್ಕು: ಮುಂದೆ ನಡೆಯುವುದನ್ನು ‘ಟು’ ಸೇರಿಸಿ ಹೇಳುವುದು. ‘ಗವರ್ನರ್ ಟು ವಿಸಿಟ್ ಆನೇಕಲ್’ ಎಂದರೆ ಭೇಟಿ ಇನ್ನು ಆಗಬೇಕು.

ಐದು: ‘ಆ್ಯಂಡ್’ ಬದಲು ಅಲ್ಪವಿರಾಮ, ‘ಹೇಳಿದರು’ ಎಂಬುದರ ಬದಲು ಎರಡು ಚುಕ್ಕೆ.

ಆರು: ಉದ್ದ ಪದದ ಜಾಗದಲ್ಲಿ ಗಿಡ್ಡ ಪದ. ‘ಇನ್‌ವೆಸ್ಟಿಗೇಷನ್’ ಹೋಗಿ ‘ಪ್ರೋಬ್’, ‘ಅಪ್ರೂವಲ್’ ಹೋಗಿ ‘ನಾಡ್’.

ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಎರಡನೆಯ ನಿಯಮದಲ್ಲಿ. ‘ಪೊಲೀಸ್ ಅಟ್ಯಾಕ್ಡ್’ ಎಂಬ ತಲೆಬರಹವನ್ನು ‘ಪೊಲೀಸರು ಹಲ್ಲೆ ಮಾಡಿದರು’ ಎಂದು ಓದಿಬಿಡುತ್ತಾರೆ. ಸರಿಯಾದ ಅರ್ಥ ‘ಪೊಲೀಸರ ಮೇಲೆ ಹಲ್ಲೆಯಾಯಿತು’. ಇದನ್ನು ಕಂಡುಕೊಳ್ಳಲು ಮೂರನೆಯ ನಿಯಮವೇ ಕೀಲಿಕೈ. ಪೊಲೀಸರೇ ಹಲ್ಲೆ ಮಾಡಿದ್ದರೆ ತಲೆಬರಹ ವರ್ತಮಾನ ಕಾಲದಲ್ಲಿ ‘ಅಟ್ಯಾಕ್’ ಎಂದಿರುತ್ತಿತ್ತು, ಯಾರ ಮೇಲೆ ಎಂಬುದೂ ಜೊತೆಗೆ ಇರುತ್ತಿತ್ತು. ಭೂತಕಾಲದ ಹಾಗೆ ಕಾಣುವ ರೂಪ ಒಂಟಿಯಾಗಿ ನಿಂತಿದ್ದರೆ, ಅಲ್ಲಿ ಒಂದು ‘ವರ್’ ಅಥವಾ ‘ವಾಸ್’ ಬಿಟ್ಟುಹೋಗಿದೆ, ಅದು ಕರ್ಮಣಿ ಪ್ರಯೋಗ ಎಂದು ತಿಳಿಯಿರಿ. ಇಷ್ಟು ನೆನಪಿಟ್ಟುಕೊಂಡರೆ ಇಂಗ್ಲಿಷ್ ಪತ್ರಿಕೆಯ ಅರ್ಧ ಗೊಂದಲ ಬಗೆಹರಿಯುತ್ತದೆ.

ಆರ್ಟಿಕಲ್ ಬಿಟ್ಟರೆ ನಷ್ಟವೇನು? ಬಹಳ ಸಲ ಏನೂ ಇಲ್ಲ. ಮನುಷ್ಯ ಚಂದ್ರನ ಮೇಲೆ ಇಳಿದ ಮರುದಿನ, 1969ರ ಜುಲೈ 21ರಂದು, ‘ದಿ ನ್ಯೂಯಾರ್ಕ್ ಟೈಮ್ಸ್’ ದಪ್ಪ ಅಕ್ಷರಗಳಲ್ಲಿ ‘ಮೆನ್ ವಾಕ್ ಆನ್ ಮೂನ್’ ಎಂದು ಅಚ್ಚು ಹಾಕಿತು. ‘ದಿ ಮೂನ್’ ಎನ್ನಲಿಲ್ಲ. ಇರುವುದು ಒಬ್ಬನೇ ಚಂದ್ರ, ಯಾರಿಗೂ ಅನುಮಾನ ಬರಲಿಲ್ಲ. ಆದರೆ ಅದೇ ಘಟನೆಯಲ್ಲಿ ಇನ್ನೊಂದು ಆರ್ಟಿಕಲ್ ಕಾಣೆಯಾಗಿ ವರ್ಷಗಟ್ಟಲೆ ಚರ್ಚೆಗೆ ಕಾರಣವಾಯಿತು. ಚಂದ್ರನ ನೆಲಕ್ಕೆ ಕಾಲಿಟ್ಟಾಗ ನೀಲ್ ಆರ್ಮ್‌ಸ್ಟ್ರಾಂಗ್ ಹೇಳಿದ ಮಾತು ನಿಮಗೆ ಗೊತ್ತು: ಒಬ್ಬ ಮನುಷ್ಯನ ಪುಟ್ಟ ಹೆಜ್ಜೆ, ಮನುಕುಲದ ದೊಡ್ಡ ನೆಗೆತ. ಭೂಮಿಯಲ್ಲಿ ಕೇಳಿಸಿದ್ದು ‘ಫಾರ್ ಮ್ಯಾನ್’ ಎಂದು. ತಾನು ಹೇಳಬೇಕೆಂದಿದ್ದದ್ದು ‘ಫಾರ್ ಎ ಮ್ಯಾನ್’ ಎಂದು ಆರ್ಮ್‌ಸ್ಟ್ರಾಂಗ್ ಆಮೇಲೆ ತಿಳಿಸಿದರು. ‘ಎ’ ಇದ್ದರೆ ಒಬ್ಬ ಮನುಷ್ಯ. ಅದಿಲ್ಲದಿದ್ದರೆ ಇಂಗ್ಲಿಷಿನಲ್ಲಿ ‘ಮ್ಯಾನ್’ ಎಂದರೆ ಇಡೀ ಮನುಷ್ಯಜಾತಿ. ಆಗ ಮಾತಿನ ಎರಡೂ ಭಾಗಗಳಿಗೆ ಒಂದೇ ಅರ್ಥ ಬಂದುಬಿಡುತ್ತದೆ. ಊಹಿಸಬಹುದಾದ ಪದವನ್ನು ಬಿಟ್ಟರೆ ನಷ್ಟವಿಲ್ಲ, ಊಹಿಸಲಾಗದ ಪದವನ್ನು ಬಿಟ್ಟರೆ ಅರ್ಥವೇ ಹೋಗುತ್ತದೆ. ನಮ್ಮ ವಿಷಯದ ಮೂಲಸೂತ್ರ ಇದೇ.

1948: ಒಂದು ವರ್ಷದ ನಾಲ್ಕು ಸಂಗತಿಗಳು

ಈ ಸೂತ್ರಕ್ಕೆ ಗಣಿತದ ಆಧಾರ ಕೊಟ್ಟವರು ಅಮೆರಿಕದ ಬೆಲ್ ಪ್ರಯೋಗಾಲಯದ ಕ್ಲಾಡ್ ಶಾನನ್. 1948ರಲ್ಲಿ ಪ್ರಕಟವಾದ ಸಂವಹನದ ಗಣಿತ ಸಿದ್ಧಾಂತದ ಲೇಖನದಲ್ಲಿ ಅವರು, ಸಾಮಾನ್ಯ ಇಂಗ್ಲಿಷ್ ಬರಹದಲ್ಲಿ ಸುಮಾರು ಶೇಕಡ 50ರಷ್ಟು ಭಾಗ ಭಾಷೆಯ ಕಟ್ಟಿನಿಂದಲೇ ನಿರ್ಧಾರವಾಗುವಂಥದು ಎಂದು ಲೆಕ್ಕ ಹಾಕಿದರು. ಅಂದರೆ ನಾವು ಬರೆಯುವುದರಲ್ಲಿ ಅರ್ಧದಷ್ಟು ಮಾತ್ರ ಸ್ವತಂತ್ರ ಆಯ್ಕೆ. ಆ ಉಳಿದರ್ಧ ವ್ಯರ್ಥವಲ್ಲ. ತಂತಿಯಲ್ಲಿ ಸದ್ದು ಬೆರೆತು ಒಂದೆರಡು ಅಕ್ಷರ ಹಾಳಾದರೂ ಸಂದೇಶ ಉಳಿಯುವುದು ಅದರಿಂದಲೇ. ತಲೆಬರಹ ಬರೆಯುವವರು ಈ ಉಳಿಕೆಯನ್ನೇ ಕತ್ತರಿಸುತ್ತಾರೆ. ಆದ್ದರಿಂದ ತಲೆಬರಹದಲ್ಲಿ ಉಳಿದ ಪ್ರತಿಯೊಂದು ಪದವೂ ಭಾರ ಹೊರುತ್ತದೆ. ಒಂದು ತಪ್ಪಿದರೂ ಆಸರೆಗೆ ಇನ್ನೊಂದಿಲ್ಲ.

ಅದೇ 1948ರಲ್ಲಿ ನಮ್ಮ ಬೆಂಗಳೂರಿನಲ್ಲಿ ಕೆ.ಎನ್. ಗುರುಸ್ವಾಮಿಯವರು ಎರಡು ಪತ್ರಿಕೆಗಳನ್ನು ಆರಂಭಿಸಿದರು: ಜೂನ್ 17ರಂದು ಇಂಗ್ಲಿಷಿನ ‘ಡೆಕ್ಕನ್ ಹೆರಾಲ್ಡ್’, ಅಕ್ಟೋಬರ್ 15ರಂದು ಕನ್ನಡದ ‘ಪ್ರಜಾವಾಣಿ’. ಒಂದೇ ಸಂಸ್ಥೆಯಿಂದ, ಒಂದೇ ಊರಿನಿಂದ, ಎರಡು ಭಾಷೆಗಳಲ್ಲಿ ಒಂದೇ ದಿನದ ಸುದ್ದಿ. ತಲೆಬರಹದ ವ್ಯಾಕರಣವನ್ನು ಹೋಲಿಸಿ ನೋಡಬೇಕೆನ್ನುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ.

‘ಪ್ರಜಾವಾಣಿ’ ಹುಟ್ಟಿ ಮೂರು ವಾರ ತುಂಬುವ ಮೊದಲೇ ಅಮೆರಿಕದಲ್ಲಿ ತಲೆಬರಹದ ಇತಿಹಾಸದ ಅತಿ ಪ್ರಸಿದ್ಧ ತಪ್ಪು ನಡೆಯಿತು. 1948ರ ನವೆಂಬರ್ 3ರಂದು ‘ಷಿಕಾಗೊ ಟ್ರಿಬ್ಯೂನ್’ ತನ್ನ ಮೊದಲ ಆವೃತ್ತಿಯಲ್ಲಿ ‘ಡ್ಯೂಯಿ ಡಿಫೀಟ್ಸ್ ಟ್ರೂಮನ್’ ಎಂದು ಅಚ್ಚು ಹಾಕಿತು. ಅಧ್ಯಕ್ಷರ ಚುನಾವಣೆಯಲ್ಲಿ ಗೆದ್ದವರು ಟ್ರೂಮನ್. ಅಚ್ಚುಮೊಳೆ ಜೋಡಿಸುವವರ ಮುಷ್ಕರದಿಂದಾಗಿ ಪತ್ರಿಕೆ ಮಾಮೂಲಿಗಿಂತ ಬೇಗ ಮುದ್ರಣಕ್ಕೆ ಹೋಗಬೇಕಾಗಿತ್ತು. ಎಣಿಕೆ ಇನ್ನೂ ಮುಗಿದಿರಲಿಲ್ಲ. ಇಲ್ಲಿ ನಾವು ಗಮನಿಸಬೇಕಾದದ್ದು ‘ಡಿಫೀಟ್ಸ್’ ಎಂಬ ವರ್ತಮಾನ ಕಾಲವನ್ನು. ತಲೆಬರಹದ ವ್ಯಾಕರಣದಲ್ಲಿ ಅದು ಮುಗಿದ ಕೆಲಸದ ರೂಪ. ‘ಸೋಲಿಸುವ ಸಾಧ್ಯತೆಯಿದೆ’ ಎನ್ನುವ ಅನುಮಾನಕ್ಕೆ ಆ ಸಾಲಿನಲ್ಲಿ ಜಾಗವಿರಲಿಲ್ಲ. ಅಂಕಣದ ಅಗಲಕ್ಕೆ ಹೊಂದದ ಅನುಮಾನ ಅಚ್ಚಾಗುವ ಹೊತ್ತಿಗೆ ಖಚಿತವಾದ ಸತ್ಯದಂತೆ ಕಾಣಿಸಿತು.

ಕನ್ನಡ ಬಿಡುವ ಮಾತು

ಈಗ ಕನ್ನಡಕ್ಕೆ ಬರೋಣ. ಇಂಗ್ಲಿಷ್ ಕಷ್ಟಪಟ್ಟು ಬಿಡುವ ಎರಡು ವಸ್ತುಗಳು ಕನ್ನಡದಲ್ಲಿ ಮೊದಲಿನಿಂದಲೂ ಇಲ್ಲ. ನಮಗೆ ಆರ್ಟಿಕಲ್ ಇಲ್ಲ. ‘ಈಸ್’ ಕೂಡ ಎಲ್ಲ ಕಡೆ ಬೇಕಿಲ್ಲ. ‘ಅವರು ಡಾಕ್ಟರು’ ಎಂದರೆ ಪೂರ್ಣ ವಾಕ್ಯ. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬ ಗಾದೆಯಲ್ಲಿ ಒಂದೂ ಕ್ರಿಯಾಪದವಿಲ್ಲ. ಇದು ತಲೆಬರಹದ ಮೊಟಕಲ್ಲ, ನಮ್ಮ ದಿನದ ಮಾತು.

ಹಾಗಾದರೆ ಕನ್ನಡಕ್ಕೆ ಬಿಡಲು ಉಳಿದದ್ದೇನು? ಇಂಗ್ಲಿಷಿನಲ್ಲಿ ‘ಟು’, ‘ಇನ್’, ‘ಫ್ರಮ್’ಗಳು ಬಿಡಿ ಪದಗಳು. ಕನ್ನಡದಲ್ಲಿ ಅವು ವಿಭಕ್ತಿ ಪ್ರತ್ಯಯಗಳಾಗಿ ನಾಮಪದಕ್ಕೆ ಅಂಟಿಕೊಂಡಿವೆ: ಸರ್ಜಾಪುರಕ್ಕೆ, ಸರ್ಜಾಪುರದಲ್ಲಿ, ಸರ್ಜಾಪುರದಿಂದ. ಇವುಗಳನ್ನು ಕಿತ್ತರೆ ದಿಕ್ಕೇ ತಪ್ಪುತ್ತದೆ. ದ್ವಿತೀಯಾ ವಿಭಕ್ತಿಯ ‘ಅನ್ನು’ ಒಂದನ್ನು ಸುಲಭವಾಗಿ ಬಿಡಬಹುದು. ‘ಕೆರೆ ಹೂಳು ತೆರವು’ ಎಂಬಲ್ಲಿ ಅದು ಹೋಗಿದೆ. ಉಳಿದಂತೆ ಕತ್ತರಿ ಬೀಳುವುದು ವಾಕ್ಯದ ಕೊನೆಯಲ್ಲಿರುವ ಕ್ರಿಯಾಪದಕ್ಕೆ. ‘ಪೊಲೀಸರು ಇಬ್ಬರನ್ನು ಬಂಧಿಸಿದ್ದಾರೆ’ ಎಂಬುದು ‘ಇಬ್ಬರ ಬಂಧನ’ವಾಗುತ್ತದೆ. ‘ಬಸ್ಸು ಉರುಳಿ ಇಬ್ಬರು ಸತ್ತಿದ್ದಾರೆ’ ಎಂಬುದು ‘ಬಸ್ ಪಲ್ಟಿ: ಇಬ್ಬರ ಸಾವು’ ಆಗುತ್ತದೆ. ಕ್ರಿಯಾಪದ ಹೋಗಿ ಕ್ರಿಯೆಯ ಹೆಸರು ಮಾತ್ರ ಉಳಿಯುತ್ತದೆ.

ಇದಕ್ಕೆ ಲಿಪಿಯ ಕಾರಣವೂ ಸೇರಿತು. ಕನ್ನಡದ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ಕೊಂಬು. ಒತ್ತಕ್ಷರ ಇಳಿಯಲು ಸಾಲುಗಳ ನಡುವೆ ಹೆಚ್ಚು ಜಾಗ ಬಿಡಬೇಕು. ‘ಬಂಧಿಸಲಾಗಿದೆ’, ‘ನಿರ್ಧರಿಸಲಾಗಿದೆ’ ಎಂಬ ಉದ್ದನೆಯ ಕ್ರಿಯಾಪದಗಳು ದಪ್ಪ ಅಕ್ಷರದಲ್ಲಿ ಒಂದು ಅಂಕಣಕ್ಕೆ ಹಿಡಿಸುವುದೇ ಕಷ್ಟ. ಹಾಗಾಗಿ ನಮ್ಮ ಪತ್ರಕರ್ತರು ಗಿಡ್ಡ ಪದಗಳ ಒಂದು ಚೀಲವನ್ನೇ ಕಟ್ಟಿಕೊಂಡರು: ಸೆರೆ, ಬಲಿ, ಪಲ್ಟಿ, ಲಗ್ಗೆ, ಕಿಡಿ, ಗರಂ. ಒಪ್ಪಿಗೆ ಸಿಕ್ಕಿತು ಎನ್ನಲು ‘ಅಸ್ತು’. ಇಂಗ್ಲಿಷಿನ ‘ನಾಡ್’ಗಿಂತಲೂ ಇದು ಅಚ್ಚುಕಟ್ಟು. ಪಕ್ಷಗಳ ಹೆಸರು ಉದ್ದವಾದಾಗ ಅವುಗಳ ಚಿಹ್ನೆಯೇ ಹೆಸರಾಯಿತು: ‘ಕೈ’, ‘ಕಮಲ’.

ಆದರೆ ಕನ್ನಡದ ಕ್ರಿಯಾಪದ ಬರಿಯ ಕ್ರಿಯೆಯನ್ನು ಹೇಳುವ ಪದವಲ್ಲ. ಯಾವ ಕಾಲ, ಎಷ್ಟು ಜನ, ಗಂಡೋ ಹೆಣ್ಣೋ, ಗೌರವವೋ ಸಲುಗೆಯೋ, ಆಗಿದೆಯೋ ಆಗಬಹುದೋ ಎಲ್ಲವನ್ನೂ ಅದೊಂದೇ ಹೇಳುತ್ತದೆ. ಅದನ್ನು ಕತ್ತರಿಸಿದಾಗ ಕಾಲ ಹೋಗುತ್ತದೆ, ಅನೇಕ ಸಲ ಕರ್ತೃವೂ ಹೋಗುತ್ತಾನೆ. ‘ಒತ್ತುವರಿ ತೆರವು’ ಎಂದರೆ ತೆರವು ಮಾಡಿದರೆ, ಮಾಡುತ್ತಾರೆಯೆ? ಮಾಡಿದವರು ಯಾರು? ಇಂಗ್ಲಿಷ್ ಸಾಮಾನ್ಯವಾಗಿ ಬಿಡುವುದು ಊಹಿಸಬಹುದಾದ ಸಣ್ಣ ಪದಗಳನ್ನು. ಕನ್ನಡ ಬಿಡುವುದು ಎಲ್ಲ ಸಲವೂ ಊಹಿಸಲಾಗದ ಒಂದು ದೊಡ್ಡ ಪದವನ್ನು.

ಬಿಟ್ಟ ಪದವನ್ನು ತಂದುಕೊಂಡು ಓದುವುದು ನಮ್ಮ ಪರಂಪರೆಗೆ ಹೊಸದಲ್ಲ. ಪದ್ಯದಲ್ಲಿ ಹೇಳದೆ ಉಳಿದ ಪದವನ್ನು ಸಂದರ್ಭದಿಂದ ಸೇರಿಸಿ ಅರ್ಥ ಮಾಡುವುದನ್ನು ವ್ಯಾಖ್ಯಾನಕಾರರು ‘ಅಧ್ಯಾಹಾರ’ ಎಂದು ಕರೆದರು. ಪದಗಳು ಕೂಡಿ ಅರ್ಥವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ಶಾಸ್ತ್ರಕಾರರು ಹೇಳಿದರು. ಆಕಾಂಕ್ಷೆ ಎಂದರೆ ಒಂದು ಪದ ಇನ್ನೊಂದನ್ನು ಬಯಸುವುದು. ‘ಸರ್ಜಾಪುರಕ್ಕೆ’ ಎಂದ ಕೂಡಲೆ ಮನಸ್ಸು ‘ಏನಾಯಿತು?’ ಎಂದು ಕೇಳುತ್ತದೆ. ತಲೆಬರಹ ಆ ಆಕಾಂಕ್ಷೆಯನ್ನು ಹುಟ್ಟಿಸಿ, ಉತ್ತರ ಕೊಡದೆ ನಿಲ್ಲಿಸುತ್ತದೆ. ವ್ಯಾಖ್ಯಾನಕಾರ ಸಂದರ್ಭವನ್ನು ನೋಡಿ ಅಧ್ಯಾಹಾರ ಮಾಡುತ್ತಿದ್ದ. ಅವಸರದ ಓದುಗ ತನ್ನ ಆಸೆಯನ್ನೋ ಭಯವನ್ನೋ ನೋಡಿ ಮಾಡುತ್ತಾನೆ.

ಕಿವಿಗೆ ಬೇಕಾದ ವಾಕ್ಯ

ಪತ್ರಿಕೆಯ ಈ ಮೊಟಕು ಭಾಷೆ ಬಾನುಲಿಗೆ ಹಾಗೆಯೇ ಹೋಗಲಿಲ್ಲ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ‘ಆಕಾಶವಾಣಿ’ಯ ಕಾಲದಿಂದ ಇಂದಿನವರೆಗೆ ಕಿವಿಗೆಂದು ಬರೆಯುವವರಿಗೆ ಒಂದು ವಿಷಯ ಗೊತ್ತು: ಕೇಳುವವರು ಹಿಂದಿನ ಸಾಲಿಗೆ ಹೋಗಿ ಮತ್ತೆ ಕೇಳಲಾರರು. ಬೆಂಗಳೂರಿನಲ್ಲಿ 1981ರ ನವೆಂಬರ್ 1ರಂದು ದೂರದರ್ಶನ ಕೇಂದ್ರ ಬಂದಾಗಲೂ ಅದೇ ರೂಢಿ ಮುಂದುವರಿಯಿತು. ಮುಖ್ಯಾಂಶಗಳು ಎಷ್ಟೇ ಚಿಕ್ಕದಾಗಿದ್ದರೂ ಅವು ಪೂರ್ಣ ವಾಕ್ಯಗಳು. ‘ಸರ್ಜಾಪುರಕ್ಕೆ ಮೆಟ್ರೊ’ ಎಂದು ವಾರ್ತಾವಾಚಕರು ಓದಿ ಸುಮ್ಮನಾದರೆ ಕೇಳುಗರು ಮುಂದಿನ ಮಾತಿಗೆ ಕಾಯುತ್ತಾರೆ. ‘ಸರ್ಜಾಪುರದ ಮೆಟ್ರೊ ಮಾರ್ಗಕ್ಕೆ ಸಚಿವ ಸಂಪುಟ ಒಪ್ಪಿಗೆ ನೀಡಿದೆ’ ಎಂದರೆ ಯಾರು, ಏನು, ಯಾವ ಕಾಲ ಎಲ್ಲವೂ ಸಿಕ್ಕಿತು. ನಮ್ಮ ಕಾರ್ಯಕ್ರಮಗಳ ಹಸ್ತಪ್ರತಿ ತಿದ್ದುವಾಗ ನಾವು ಮೊದಲು ನೋಡುವುದು ವಾಕ್ಯದ ಕೊನೆಯನ್ನೇ: ಕ್ರಿಯಾಪದ ಇದೆಯೆ, ಅದು ಸರಿಯಾದ ಕಾಲದಲ್ಲಿದೆಯೆ ಎಂದು.

ಆದರೆ ಸುದ್ದಿ ವಾಹಿನಿಗಳ ಪರದೆಯ ಕೆಳಗೆ ಓಡುವ ಸಾಲು ಮತ್ತೆ ಹಳೆಯ ತಂತಿಯ ಭಾಷೆಗೇ ಮರಳಿದೆ. ಮೊಬೈಲಿನಲ್ಲಿ ಬರುವ ಸುದ್ದಿಯೂ ಹಾಗೆಯೇ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಪತ್ರಿಕೆಯಲ್ಲಿ ತಲೆಬರಹದ ಕೆಳಗೆ ಸುದ್ದಿ ಇರುತ್ತಿತ್ತು. ಬಿಟ್ಟ ಕ್ರಿಯಾಪದ ಮೊದಲ ಪ್ಯಾರಾದಲ್ಲೇ ಸಿಗುತ್ತಿತ್ತು. ಈಗ ತಲೆಬರಹ ಒಂದೇ ಊರೆಲ್ಲ ತಿರುಗುತ್ತದೆ, ಸುದ್ದಿ ಹಿಂದೆ ಉಳಿಯುತ್ತದೆ.

ಸರ್ಜಾಪುರಕ್ಕೆ ಏನಾಯಿತು?

ಈಗ ನಮ್ಮ ಮೊದಲ ಉದಾಹರಣೆಗೆ ಇತಿಹಾಸವನ್ನು ಜೋಡಿಸೋಣ. ಒಂದು ಕಾಲಕ್ಕೆ ನೇಯ್ಗೆಗೆ ಹೆಸರಾಗಿದ್ದ ಸರ್ಜಾಪುರದ ಸುತ್ತ ಇಂದು ಐ.ಟಿ. ಕಚೇರಿಗಳೂ ವಸತಿ ಬಡಾವಣೆಗಳೂ ಬೆಳೆದಿವೆ. 2022ರ ಮಾರ್ಚ್‌ನಲ್ಲಿ ಮಂಡಿಸಿದ ರಾಜ್ಯ ಬಜೆಟ್ಟಿನಲ್ಲಿ ಸರ್ಜಾಪುರದಿಂದ ಹೆಬ್ಬಾಳದವರೆಗೆ ಸುಮಾರು 37 ಕಿಲೋಮೀಟರ್ ಉದ್ದದ ಮೆಟ್ರೊ ಮಾರ್ಗವನ್ನು ಘೋಷಿಸಲಾಯಿತು. 2024ರ ಡಿಸೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ 36.59 ಕಿಲೋಮೀಟರ್ ಉದ್ದದ ಈ ಮಾರ್ಗದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇಂಥ ಯೋಜನೆಯೊಂದು ಹಾದುಹೋಗುವ ಮೆಟ್ಟಿಲುಗಳನ್ನು ಎಣಿಸಿ: ಘೋಷಣೆ, ವಿಸ್ತೃತ ಯೋಜನಾ ವರದಿ, ರಾಜ್ಯ ಸಂಪುಟದ ಒಪ್ಪಿಗೆ, ಕೇಂದ್ರದ ಒಪ್ಪಿಗೆ, ಸಾಲದ ಏರ್ಪಾಟು, ಭೂಸ್ವಾಧೀನ, ಟೆಂಡರು, ನಿರ್ಮಾಣ, ಸಂಚಾರ. ಈ ಒಂಬತ್ತು ಮೆಟ್ಟಿಲುಗಳಲ್ಲಿ ಪ್ರತಿಯೊಂದಕ್ಕೂ ‘ಸರ್ಜಾಪುರಕ್ಕೆ ಮೆಟ್ರೊ’ ಎಂಬ ತಲೆಬರಹ ಒಪ್ಪುತ್ತದೆ. ಮೊದಲ ಮೆಟ್ಟಿಲಿಗೂ ಕೊನೆಯದಕ್ಕೂ ನಡುವೆ ಹಲವು ವರ್ಷಗಳಿರುತ್ತವೆ.

ಈ ಅಂತರದಲ್ಲಿ ಜನರ ಜೀವನ ನಡೆಯುತ್ತದೆ. ಎರಡು ಎಕರೆ ಹೊಲವಿರುವ ರೈತ ‘ಮೆಟ್ರೊ ಬಂತು’ ಎಂದು ಓದಿ, ಬೆಲೆ ಇನ್ನೂ ಏರಲಿ ಎಂದು ಕಾಯಬಹುದು. ಇಲ್ಲವೆ ‘ಜಮೀನು ಹೋಗುತ್ತದೆ’ ಎಂದು ಹೆದರಿ ಸಿಕ್ಕ ಬೆಲೆಗೆ ಕೊಟ್ಟುಬಿಡಬಹುದು. ಸಂಬಳದ ಮೇಲೆ ಸಾಲ ಮಾಡಿ ಸೈಟು ಕೊಳ್ಳುವ ಕುಟುಂಬ ‘ಮೂರು ವರ್ಷದಲ್ಲಿ ರೈಲು ಓಡುತ್ತದೆ’ ಎಂದು ಲೆಕ್ಕ ಹಾಕಬಹುದು. ಮಧ್ಯವರ್ತಿಯ ಕೈಯಲ್ಲಿ ಅದೇ ತಲೆಬರಹದ ತುಣುಕು ಇರುತ್ತದೆ. ಅವನು ಸುಳ್ಳು ಹೇಳಬೇಕಾಗಿಲ್ಲ. ಪತ್ರಿಕೆ ಬಿಟ್ಟ ಕ್ರಿಯಾಪದವನ್ನು ತನಗೆ ಬೇಕಾದ ಕಾಲದಲ್ಲಿ ಸೇರಿಸಿ ಓದಿದರೆ ಸಾಕು.

ಒಂದು ಸ್ವಾರಸ್ಯವನ್ನು ಗಮನಿಸಿ. ಅದೇ ರಸ್ತೆಯ ಬದಿಯಲ್ಲಿ ಇಂಗ್ಲಿಷ್ ಫಲಕ ‘ಫಾರ್ ಸೇಲ್’, ‘ಟು ಲೆಟ್’ ಎಂದಷ್ಟೇ ಹೇಳುತ್ತದೆ. ಕನ್ನಡದ ಫಲಕ ‘ಸೈಟು ಮಾರಾಟಕ್ಕಿದೆ’, ‘ಮನೆ ಬಾಡಿಗೆಗೆ ಇದೆ’ ಎನ್ನುತ್ತದೆ. ಅಲ್ಲಿ ‘ಇದೆ’ ಎಂಬ ಕ್ರಿಯಾಪದವನ್ನು ನಾವು ಬಿಟ್ಟಿಲ್ಲ. ಸಣ್ಣ ತಗಡಿನ ಮೇಲೆ ಕೈಯಲ್ಲಿ ಬರೆಯುವವನಿಗೂ ಅದಕ್ಕೆ ಜಾಗ ಸಿಕ್ಕಿದೆ. ಅಂದಮೇಲೆ ಕನ್ನಡದಲ್ಲಿ ಕ್ರಿಯಾಪದ ಉಳಿಸಿಕೊಂಡೇ ಚಿಕ್ಕದಾಗಿ ಬರೆಯಲು ಸಾಧ್ಯವಿದೆ. ಅನೇಕ ಉಪಸಂಪಾದಕರು ಇದನ್ನು ಮಾಡುತ್ತಲೂ ಇದ್ದಾರೆ: ಮುಂದೆ ಆಗಬೇಕಾದದ್ದಕ್ಕೆ ‘ಇಂದು’, ‘ನಾಳೆ’ ಸೇರಿಸುತ್ತಾರೆ, ನಿರ್ಧಾರವಾಗದಿದ್ದರೆ ‘ಚಿಂತನೆ’, ‘ಪ್ರಸ್ತಾವ’, ‘ಸಾಧ್ಯತೆ’ ಎನ್ನುತ್ತಾರೆ, ಖಚಿತವಲ್ಲದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. ‘ಸರ್ಜಾಪುರ ಮೆಟ್ರೊಗೆ ಸಂಪುಟ ಅಸ್ತು’ ಎಂದರೆ ಒಂಬತ್ತರಲ್ಲಿ ಯಾವ ಮೆಟ್ಟಿಲು ಎಂಬುದು ನಾಲ್ಕೇ ಪದಗಳಲ್ಲಿ ತಿಳಿಯುತ್ತದೆ.

ವಿದ್ಯಾರ್ಥಿಗಳೆ, ನಿಮಗೆ ಒಂದು ಅಭ್ಯಾಸವನ್ನು ಸೂಚಿಸುತ್ತೇನೆ. ದಿನಕ್ಕೆ ಐದು ತಲೆಬರಹಗಳನ್ನು, ಕನ್ನಡದ್ದು ಮೂರು, ಇಂಗ್ಲಿಷಿನದು ಎರಡು, ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳಿ. ಕೆಳಗಿನ ಸುದ್ದಿಯನ್ನು ಓದುವ ಮೊದಲು ಬಿಟ್ಟ ಪದಗಳನ್ನು ನೀವೇ ಸೇರಿಸಿ ಪೂರ್ಣ ವಾಕ್ಯ ಮಾಡಿ. ಆಮೇಲೆ ಸುದ್ದಿ ಓದಿ ತಾಳೆ ನೋಡಿ. ಇಂಗ್ಲಿಷಿನಲ್ಲಿ ಆರ್ಟಿಕಲ್ಲಿನ ಮತ್ತು ಕರ್ಮಣಿ ಪ್ರಯೋಗದ ತಪ್ಪುಗಳು ಒಂದು ತಿಂಗಳಲ್ಲಿ ಕಡಿಮೆಯಾಗುತ್ತವೆ. ಕನ್ನಡದಲ್ಲಿ ಮಾತ್ರ ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಕೇಳಿ: ಮಾಡಿದವರು ಯಾರು? ಆಗಿದೆಯೋ, ಆಗಲಿದೆಯೋ? ಈ ಎರಡಕ್ಕೆ ಉತ್ತರ ಸಿಗುವವರೆಗೆ ಆ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸಬೇಡಿ. ಮನೆಯಲ್ಲಿ ಹಿರಿಯರು ಜಮೀನಿನ ವಿಷಯವಾಗಿ ಅಂಥದೊಂದು ಸಾಲನ್ನು ಓದಿ ನಿಮ್ಮ ಅಭಿಪ್ರಾಯ ಕೇಳಿದರೆ, ಆ ಸಾಲಿನ ಕ್ರಿಯಾಪದವನ್ನು ಹುಡುಕಿಕೊಟ್ಟ ಮೇಲೆ ಉತ್ತರ ಹೇಳಿ.